ಹದಿನಾಲ್ಕು ರಾತ್ರಿ ಒಳಗೆ, ಏಳು ರಾತ್ರಿ ಹೊರಗೆ

ಹೋದ ವಾರ ಒಹಾಯೋದಿಂದ ಗೆಳತಿಯೊಬ್ಬಳು ಫೋನ್ ಮಾಡಿದ್ದಳು. ಗಂಡನಿಗೆ ನಿವೃತ್ತಿಯಾಗಿದೆ. ಮನೆ ಮಾರಿ, ದೊಡ್ಡ ಟ್ರಕ್ಕನ್ನೂ ಅದು ಎಳೆಯುವ ಫಿಫ್ತ್ ವೀಲ್ ಟ್ರೇಲರನ್ನೂ, ಅಂದರೆ ಟ್ರಕ್ಕಿಗೆ ಸಿಕ್ಕಿಸಿ ಎಳೆಯುವ ಗಾಲಿಯ ಮನೆಯನ್ನೂ, ಕೊಂಡಿದ್ದಾರೆ. ಇನ್ನು ಮೇಲೆ ನಮ್ಮ ಹಾಗೆ ವರ್ಷವಿಡೀ ಆರ್‌ವಿ ಎನ್ನುವ ಇಂಥ ಗಾಲಿಯ ಮನೆಯಲ್ಲೇ ವಾಸ. "ಅಕ್ಕಾ, ಕ್ಯಾಂಪ್‌ಗ್ರೌಂಡ್ ಸದಸ್ಯತ್ವ ತೆಗೆದುಕೊಳ್ಳದಿದ್ದರೆ ಜಾಗದ ಬಾಡಿಗೆಗೇ ದುಡ್ಡು ಸೋರಿಹೋಗುತ್ತದೆ ಎಂದು ಎಲ್ಲರೂ ಹೆದರಿಸುತ್ತಿದ್ದಾರೆ. ನೀವು ಏನು ಮಾಡಿದಿರಿ?" ಎಂದು ಕೇಳಿದಳು. ಅರ್ಧ ಗಂಟೆ ಮಾತನಾಡಿದರೂ ಹೇಳಬೇಕಾದದ್ದು ಮುಗಿಯಲಿಲ್ಲ. ನಮ್ಮದೇ ಸದಸ್ಯತ್ವವನ್ನು ನವೀಕರಿಸುವ ಗಡುವು ಈ ತಿಂಗಳ ಕೊನೆಗಿದೆ, ಆ ಕಾಗದ ಫ್ರಿಜ್ಜಿನ ಬಾಗಿಲ ಮೇಲೆ ಮೂರು ವಾರದಿಂದ ಅಂಟಿಕೊಂಡಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಊರಿನಲ್ಲಿರುವ ನೆಂಟರಿಗೆ ಒಂದು ಮಾತು ವಿವರಿಸಬೇಕು. ಮಿಷಿಗನ್ನಿನ ಮನೆ ಮಾರಿ ನಾವಿಬ್ಬರೂ 2022ರ ಅಕ್ಟೋಬರಿನಲ್ಲಿ ರಸ್ತೆಗಿಳಿದೆವು. ನಮ್ಮ ಮನೆ ಈಗ 34 ಅಡಿ ಉದ್ದದ ಟ್ರೇಲರ್. ಅದನ್ನು ರಾತ್ರಿ ನಿಲ್ಲಿಸಲು ಜಾಗ ಬೇಕು. ಕರೆಂಟು, ನೀರು ಮತ್ತು ಶೌಚದ ಕೊಳವೆಯ ಜೋಡಣೆ ಬೇಕು. ಖಾಸಗಿ ಕ್ಯಾಂಪ್‌ಗ್ರೌಂಡಿನಲ್ಲಿ ಇವೆಲ್ಲ ಇರುವ ಜಾಗಕ್ಕೆ ಒಂದು ರಾತ್ರಿಗೆ 50ರಿಂದ 70 ಡಾಲರ್ ಕೊಡುವುದು ಈಗ ಸಾಮಾನ್ಯ. ರಜೆಗೆ ಬಂದವರು ನಾಲ್ಕು ದಿನ ಕೊಟ್ಟು ಹೋಗುತ್ತಾರೆ. ನಮ್ಮಂಥವರು 365 ರಾತ್ರಿ ಕೊಡಬೇಕು. ಸದಸ್ಯತ್ವ ಮಾರುವವರಿಗೆ ಈ ಭಯದ ಗುರುತು ಚೆನ್ನಾಗಿದೆ.

ಎಲ್ಲ ಸದಸ್ಯತ್ವಗಳನ್ನೂ ಒಂದೇ ಬುಟ್ಟಿಗೆ ಹಾಕಬಾರದು. ಪಾಸ್‌ಪೋರ್ಟ್ ಅಮೆರಿಕಾ ಎಂಬುದೊಂದಿದೆ, ವರ್ಷಕ್ಕೆ 50 ಡಾಲರ್ ಆಸುಪಾಸು, ಸೇರಿಕೊಂಡ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಅರ್ಧ ದರ. ಆದರೆ ಹಲವೆಡೆ ಒಂದೆರಡು ರಾತ್ರಿಗೆ ಮಾತ್ರ, ವಾರಾಂತ್ಯಕ್ಕಿಲ್ಲ, ಸೀಸನ್ನಿಗಿಲ್ಲ. ದೂರದ ದಾರಿಯಲ್ಲಿ ಎರಡು ಸಲ ತಂಗಿದರೆ ಕೊಟ್ಟ ಹಣ ವಾಪಸು ಬರುತ್ತದೆ, ಯೋಚಿಸದೆ ತೆಗೆದುಕೊಳ್ಳಿ. ಹಾರ್ವೆಸ್ಟ್ ಹೋಸ್ಟ್ಸ್‌ನಲ್ಲಿ ತೋಟ, ದ್ರಾಕ್ಷಾರಸದ ಕಾರ್ಖಾನೆ, ಡೈರಿಗಳ ಅಂಗಳದಲ್ಲಿ ಒಂದು ರಾತ್ರಿ ನಿಲ್ಲಿಸಬಹುದು. ಕರೆಂಟು, ನೀರು ಸಿಗುವುದನ್ನು ನೆಚ್ಚಿಕೊಳ್ಳುವಂತಿಲ್ಲ, ಅವರಲ್ಲಿ ಏನಾದರೂ ಕೊಳ್ಳುವುದು ಮರ್ಯಾದೆ. ನಮಗೆ ಅದು ಪ್ರಯಾಣದ ನಡುವಿನ ನೆಮ್ಮದಿ, ವಾಸಕ್ಕೆ ಆಗುವಂಥದ್ದಲ್ಲ.

ಎಸ್ಕೇಪೀಸ್ ಬಗ್ಗೆ ಮಾತ್ರ ನನಗೆ ಬೇರೆಯೇ ಗೌರವ. ರಸ್ತೆಯಲ್ಲೇ ಬಾಳುತ್ತಿದ್ದ ಜೋ ಮತ್ತು ಕೇ ಪೀಟರ್‌ಸನ್ ದಂಪತಿ 1978ರಲ್ಲಿ ಕಟ್ಟಿದ ಕೂಟ ಅದು. ಟೆಕ್ಸಾಸಿನ ಲಿವಿಂಗ್‌ಸ್ಟನ್ನಿನಲ್ಲಿ ಅವರದೇ ಅಂಚೆ ವ್ಯವಸ್ಥೆಯಿದೆ. ಮನೆಯಿಲ್ಲದ ನಮಗೆ ಕಾನೂನಿನ ಪ್ರಕಾರ ಒಂದು ವಿಳಾಸ ಬೇಕಲ್ಲ, ಚಾಲನಾ ಪರವಾನಗಿಗೆ, ಬ್ಯಾಂಕಿಗೆ, ತೆರಿಗೆಗೆ, ಅದು ಅಲ್ಲಿಂದ ಸಿಗುತ್ತದೆ. ನಾವು ಎಲ್ಲಿದ್ದರೆ ಅಲ್ಲಿಗೆ ಅಂಚೆ ಕಳುಹಿಸುತ್ತಾರೆ. ಅದಕ್ಕಿಂತ ದೊಡ್ಡದು, ವಯಸ್ಸಾಗಿ ಗಾಡಿ ಓಡಿಸಲಾಗದ ಸದಸ್ಯರು ತಮ್ಮ ಆರ್‌ವಿಯಲ್ಲೇ ಇದ್ದುಕೊಂಡು ಆರೈಕೆ ಪಡೆಯುವ ಕೇಂದ್ರವೂ ಅದೇ ಊರಿನಲ್ಲಿದೆ. ನಮ್ಮ ಮನೆಯವರಿಗೆ 67. ಸ್ಟಿಯರಿಂಗ್ ಬಿಡುವ ದಿನ ಯಾವುದು ಎಂದು ನಾನು ಆಗಾಗ ಯೋಚಿಸುತ್ತೇನೆ. ರಿಯಾಯಿತಿಯ ಪಟ್ಟಿಯಲ್ಲಿ ಆ ದಿನದ ಪ್ರಸ್ತಾಪ ಯಾರೂ ಮಾಡುವುದಿಲ್ಲ.

ಇನ್ನು ಗೆಳತಿ ಕೇಳಿದ್ದು ಥೌಸಂಡ್ ಟ್ರೇಲ್ಸ್ ಬಗೆಯ ದೊಡ್ಡ ಸದಸ್ಯತ್ವದ ವಿಚಾರ. ವರ್ಷಕ್ಕೊಮ್ಮೆ ಹಣ ಕಟ್ಟಿಬಿಟ್ಟರೆ ಅವರ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ರಾತ್ರಿಯ ಬಾಡಿಗೆ ಇಲ್ಲ. ಬೋಯಿಂಗ್‌ನಲ್ಲಿ ಕೆಲಸ ಮಾಡಿದ್ದ ಮಿಲ್ಟ್ ಕೂಲ್ಟ್ ಎಂಬಾತ 1969ರಲ್ಲಿ ವಾಷಿಂಗ್ಟನ್ ರಾಜ್ಯದ ಶೆಹೇಲಿಸ್ ಬಳಿ ಇದನ್ನು ಶುರು ಮಾಡಿದ. ಮುಂದೆ ಹೊರೈಝನ್ ಏರ್ ಎಂಬ ವಿಮಾನ ಸಂಸ್ಥೆ ಕಟ್ಟಿದವನೂ ಅವನೇ. ಈಗ ಎಂಬತ್ತಕ್ಕೂ ಹೆಚ್ಚು ತಾಣಗಳಿವೆ. ಹೆಚ್ಚಿನವು ಎರಡು ಕರಾವಳಿಗಳ ಕಡೆ. ಮೊಂಟಾನಾ, ವ್ಯೋಮಿಂಗ್ ಕಡೆಯ ಬೆಟ್ಟಗಳಲ್ಲಿ ಬದುಕುವ ಕನಸಿದ್ದರೆ ಅದರಿಂದ ಉಪಯೋಗವಿಲ್ಲ. ದೇಶವನ್ನು ವಲಯಗಳಾಗಿ ಹಂಚಿ, ಒಂದು ವಲಯಕ್ಕೆ ಒಂದು ಪಾಸ್ ಮಾರುತ್ತಾರೆ. ನಾವು ಕೊಟ್ಟದ್ದು ವರ್ಷಕ್ಕೆ 650 ಡಾಲರ್. ನಿಯಮ ಹೀಗಿದೆ: ಒಂದು ಕಡೆ ಹದಿನಾಲ್ಕು ರಾತ್ರಿ ಇರಬಹುದು, ಆಮೇಲೆ ಏಳು ರಾತ್ರಿ ಅವರ ವ್ಯವಸ್ಥೆಯ ಹೊರಗೇ ಇರಬೇಕು. ನಾಲ್ಕು ರಾತ್ರಿಗಿಂತ ಹೆಚ್ಚು ನಿಲ್ಲದಿದ್ದರೆ ನೇರವಾಗಿ ಅವರದೇ ಇನ್ನೊಂದು ತಾಣಕ್ಕೆ ಹೋಗಬಹುದು. ಆದರೆ ಅರವತ್ತು ದಾಟಿದವರಿಗೆ ನಾಲ್ಕು ದಿನಕ್ಕೊಮ್ಮೆ ಮನೆ ಬಿಚ್ಚಿ ಕಟ್ಟುತ್ತಾ ಕೂರಲು ಆಗುವುದಿಲ್ಲ. ಈ ಏಳು ರಾತ್ರಿ ಎಲ್ಲಿ ಕಳೆಯುತ್ತೀರಿ, ಎಷ್ಟು ಕೊಟ್ಟು ಕಳೆಯುತ್ತೀರಿ ಎಂಬುದರಲ್ಲೇ ಇಡೀ ಲೆಕ್ಕ ಕೂತಿದೆ.

ಇದಕ್ಕಿಂತ ದುಬಾರಿಯ, ಸಾವಿರಗಟ್ಟಲೆ ಡಾಲರಿನ ಸದಸ್ಯತ್ವಗಳೂ ಇವೆ. ಎರಡನೆಯ ಚಳಿಗಾಲದಲ್ಲಿ ಅಂಥದ್ದೊಂದನ್ನು ಮಾರುವವರ ಎದುರು ಕುಳಿತಿದ್ದೆವು. ಯಾವ ಸಂಸ್ಥೆ ಎಂದು ಬರೆಯುವುದಿಲ್ಲ. ಎರಡು ರಾತ್ರಿ ಉಚಿತ ವಾಸ, ಒಂದು ಉಡುಗೊರೆ, ಬದಲಿಗೆ ಒಂದೂವರೆ ಗಂಟೆ ಮಾತು ಕೇಳಬೇಕು ಎಂದಿದ್ದರು. ಮಾತು ಮೂರು ಗಂಟೆ ನಡೆಯಿತು. ಮೇಜಿನ ಮೇಲೆ ಅಮೆರಿಕದ ನಕ್ಷೆ, ಅದರ ತುಂಬ ಕೆಂಪು ಚುಕ್ಕೆಗಳು. ಬೆಲೆ 9,000 ಡಾಲರ್, ಅದರ ಮೇಲೆ ವರ್ಷ ವರ್ಷವೂ ಕಟ್ಟಬೇಕಾದ ಶುಲ್ಕ ಬೇರೆ, ಅದು ಏರುತ್ತಾ ಹೋಗುತ್ತದೆ ಎಂದು ಒಪ್ಪಂದದಲ್ಲೇ ಬರೆದಿತ್ತು. ಕೈಯಲ್ಲಿ ಹಣವಿಲ್ಲದಿದ್ದರೆ ಸಾಲವೂ ಅಲ್ಲೇ ಸಿದ್ಧ. "ಈ ಕಾಗದಗಳನ್ನು ಇವತ್ತು ರಾತ್ರಿ ಓದಿ ನಾಳೆ ಹೇಳುತ್ತೇವೆ" ಎಂದು ನಮ್ಮ ಮನೆಯವರು ಕೇಳಿದರು. ಈ ಬೆಲೆ ಇವತ್ತಿಗೆ ಮಾತ್ರ, ಕಾಗದ ಕೋಣೆಯಿಂದ ಹೊರಗೆ ಹೋಗುವಂತಿಲ್ಲ ಎಂದರು ಮಾರುವವರು. ನಾನು ಎದ್ದು ನಿಂತೆ. ಒಂದು ರಾತ್ರಿ ಓದಲು ಕೊಡದ ಒಪ್ಪಂದಕ್ಕೆ ಜೀವಮಾನದ ಸಹಿ ಹಾಕಬಾರದು. ಇದನ್ನು ಗೆಳತಿಗೆ ಎರಡೆರಡು ಸಲ ಹೇಳಿದೆ. ರಸ್ತೆ ಬಿಟ್ಟು ಮನೆ ಸೇರುವವರು ಇಂಥ ಸದಸ್ಯತ್ವಗಳನ್ನು ಎರಡನೆಯ ಕೈಗೆ ಬಹಳ ಕಡಿಮೆ ಬೆಲೆಗೆ ಮಾರುತ್ತಾರೆ. ವರ್ಗಾವಣೆಯ ಶುಲ್ಕವಿರುತ್ತದೆ, ಎಲ್ಲ ಸೌಲಭ್ಯಗಳೂ ಜೊತೆಗೆ ಬರುವುದಿಲ್ಲ, ಆದರೂ ವಿಚಾರಿಸದೆ ಹೊಸದಕ್ಕೆ ಕೈ ಹಾಕಬಾರದು.

ನಕ್ಷೆಯ ಚುಕ್ಕೆಗಳು ಜಾಗದ ಗುಣವನ್ನೂ ಹೇಳುವುದಿಲ್ಲ. ಮೊದಲ ವರ್ಷ ಟೆಕ್ಸಾಸಿನ ಹಳೆಯ ಖಾಸಗಿ ಕ್ಯಾಂಪ್‌ಗ್ರೌಂಡ್ ಒಂದರಲ್ಲಿ 30 ಆಂಪಿಯರ್ ಕರೆಂಟಿನ ಕಂಬಕ್ಕೆ ಸಿಕ್ಕಿಸಿಕೊಂಡು ಇಡ್ಲಿಗೆ ಉದ್ದು ರುಬ್ಬುತ್ತಿದ್ದೆ. ಮಧ್ಯಾಹ್ನದ ಬಿಸಿಲಿಗೆ ಇಡೀ ಸಾಲಿನ ಟ್ರೇಲರ್‌ಗಳಲ್ಲಿ ಎಸಿ ಓಡುತ್ತಿತ್ತು. 120 ಇರಬೇಕಾದ ವೋಲ್ಟೇಜು 103ಕ್ಕೆ ಇಳಿದು, ನಮ್ಮ ರಕ್ಷಣೆಯ ಪೆಟ್ಟಿಗೆ ಕರೆಂಟನ್ನೇ ಕಡಿಯಿತು. ಗ್ರೈಂಡರಿನ ಕಲ್ಲು ಅರ್ಧ ಅರೆದ ಉದ್ದಿನಲ್ಲಿ ಹೂತು ನಿಂತಿತು. ಅಂದಿನಿಂದ ಎಲ್ಲಿ ಹೋದರೂ ಮೊದಲು ಕಂಬಕ್ಕೆ ಮೀಟರ್ ಇಟ್ಟು ನೋಡಿ, ಆ ಅಂಕಿಯನ್ನು ಪುಸ್ತಕದಲ್ಲಿ ಬರೆದ ಮೇಲೆಯೇ ಚಹಾ.

ಆ ಪುಸ್ತಕವೇ ನಮ್ಮನ್ನು ಉಳಿಸಿದ್ದು. ನಮ್ಮಮ್ಮ ಹಾಲಿನ ಲೆಕ್ಕ ಬರೆಯುತ್ತಿದ್ದಂಥ ಉದ್ದನೆಯ ನೋಟ್‌ಬುಕ್. ಪ್ರತಿ ರಾತ್ರಿ ಒಂದು ಸಾಲು. ಎಲ್ಲಿದ್ದೆವು, ಎಷ್ಟು ಕೊಟ್ಟೆವು, ಎಷ್ಟು ಮೈಲಿ ಬಂದೆವು, ಅಲ್ಲಿಗೆ ಬಂದದ್ದು ಏಕೆ. ಮೊದಲ ವರ್ಷ ಮುಗಿದಾಗ ಕೂಡಿಸಿದೆ. ಟೆಕ್ಸಾಸಿನಲ್ಲಿ ತಿಂಗಳ ಬಾಡಿಗೆಗೆ 120 ರಾತ್ರಿ. ಅರಿಝೋನಾದ ಕ್ವಾರ್ಟ್‌ಸೈಟ್ ಮರುಭೂಮಿಯಲ್ಲಿ 70. ಅಮೆರಿಕದ ಸೇನೆಯ ಎಂಜಿನಿಯರುಗಳ ದಳ ನೋಡಿಕೊಳ್ಳುವ ಅಣೆಕಟ್ಟಿನ ಕೆರೆಗಳ ದಂಡೆಯ ಕ್ಯಾಂಪ್‌ಗ್ರೌಂಡ್‌ಗಳಲ್ಲಿ 41. ದಾರಿಯಲ್ಲಿ ಒಂದೊಂದೇ ರಾತ್ರಿ ತಂಗಿದ್ದು 22. ಗೆಳೆಯರ ಜಮೀನಿನಲ್ಲಿ 16. ನ್ಯೂಜೆರ್ಸಿಯಲ್ಲಿ, ಮಗಳ ಊರಾದ ಎಡಿಸನ್ನಿಗೆ ಹತ್ತಿರ, 96.

ಇದರಲ್ಲಿ ಅತ್ಯಂತ ಅಗ್ಗದ ರಾತ್ರಿಗಳಿಗೆ ಯಾವ ಕ್ಲಬ್ಬೂ ಬೇಕಿರಲಿಲ್ಲ. ಕ್ವಾರ್ಟ್‌ಸೈಟ್‌ನ ಸರ್ಕಾರಿ ಭೂಮಿಯಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಇರಲು ಆಗ ಒಟ್ಟು 180 ಡಾಲರ್ ಇತ್ತು. ನಾವಿದ್ದ 70 ರಾತ್ರಿಗೆ ಹಂಚಿದರೆ ರಾತ್ರಿಗೆ ಎರಡೂವರೆ ಡಾಲರ್ ಚಿಲ್ಲರೆ. ಕರೆಂಟಿಗೆ ಚಾವಣಿಯ ಮೇಲಿನ ಸೌರಫಲಕ. ಇನ್ನು ಕೆರೆಗಳ ದಂಡೆಯಲ್ಲಿ ಅರ್ಧ ದರ, ಏಕೆಂದರೆ ನಮ್ಮ ಬಳಿ ರಾಷ್ಟ್ರೀಯ ಉದ್ಯಾನಗಳ ಹಿರಿಯರ ಪಾಸ್ ಇದೆ. 62 ತುಂಬಿದ ಪ್ರಜೆಗಳಿಗೂ ಗ್ರೀನ್ ಕಾರ್ಡ್ ಇರುವ ಕಾಯಂ ನಿವಾಸಿಗಳಿಗೂ ಅದು ಸಿಗುತ್ತದೆ. 80 ಡಾಲರ್ ಒಮ್ಮೆ ಕೊಟ್ಟರೆ ಜೀವನಪೂರ್ತಿ ನಡೆಯುತ್ತದೆ. 2017ರವರೆಗೆ ಹತ್ತೇ ಡಾಲರ್ ಇತ್ತಂತೆ. ನಮ್ಮವರಲ್ಲಿ ಎಷ್ಟೋ ಜನ ಅರವತ್ತೆರಡು ದಾಟಿಯೂ ಇದನ್ನು ಮಾಡಿಸಿಕೊಂಡಿಲ್ಲ ಎಂಬುದು ನನಗೆ ಸಂಕಟ. ಬೇರೆ ಏನನ್ನು ಕೊಳ್ಳುವ ಮುಂಚೆಯೂ ಇದನ್ನು ಮಾಡಿಸಿ.

ಹಾಗಾಗಿ ಒಂಬತ್ತು ಸಾವಿರದ ಪ್ರಶ್ನೆಯೇ ಉಳಿಯಲಿಲ್ಲ. ಭಾರವಾಗಿದ್ದದ್ದು ನ್ಯೂಜೆರ್ಸಿಯ 96 ರಾತ್ರಿ ಮಾತ್ರ. ತಿಂಗಳಿಗೆ 1,400 ಡಾಲರ್, ಮೇಲೆ ಕರೆಂಟಿನ ಬಿಲ್ಲು, ಉಳಿದ ಐದು ದಿನಕ್ಕೆ ದಿನದ ದರ, ಎಲ್ಲ ಸೇರಿ 4,830 ಆಗಿತ್ತು. ಅದಕ್ಕಾಗಿ 2024ರಲ್ಲಿ ಥೌಸಂಡ್ ಟ್ರೇಲ್ಸ್‌ನ ಈಶಾನ್ಯ ವಲಯದ ಪಾಸ್ ಒಂದನ್ನೇ ತೆಗೆದುಕೊಂಡೆವು. ಪೆನ್ಸಿಲ್ವೇನಿಯಾದ ಹರ್ಶಿ ತಾಣದಲ್ಲಿ ಹದಿನಾಲ್ಕು ರಾತ್ರಿ, ನಂತರದ ಏಳು ರಾತ್ರಿಗೆ ಸೇನೆಯ ಎಂಜಿನಿಯರುಗಳದೇ ಆದ ರೇಸ್‌ಟೌನ್ ಕೆರೆಯ ಸೆವೆನ್ ಪಾಯಿಂಟ್ಸ್ ಕ್ಯಾಂಪ್‌ಗ್ರೌಂಡಿನಲ್ಲಿ ಹಿರಿಯರ ಪಾಸಿನ ಅರ್ಧ ದರ, ಮತ್ತೆ ಹರ್ಶಿ. ಹೀಗೆ ಹರ್ಶಿಯಲ್ಲಿ 70, ಕೆರೆಯ ದಂಡೆಯಲ್ಲಿ 28. ಪಾಸು, ಕೆರೆಯ ಬಾಡಿಗೆ, ಟ್ರೇಲರ್ ಎಳೆದ ಡೀಸೆಲ್, ವಾರಾಂತ್ಯಕ್ಕೆ ಮಗಳ ಮನೆಗೆ ಹೋಗಿಬಂದ ಡೀಸೆಲ್ ಎಲ್ಲವನ್ನೂ ಕೂಡಿಸಿದರೆ ಸುಮಾರು 2,150. ಉಳಿದದ್ದು 2,700 ಡಾಲರಿನಷ್ಟು. ಇವರು ಪುಸ್ತಕ ಮುಚ್ಚಿ, "ನೋಡು, ಗೆದ್ದೆವು" ಎಂದರು. ಲೆಕ್ಕ ಸರಿಯಾಗಿಯೇ ಇತ್ತು.

ಆದರೆ ಹರ್ಶಿಯಿಂದ ಎಡಿಸನ್ನಿಗೆ ಎರಡು ಗಂಟೆಯ ದಾರಿ. ರೇಸ್‌ಟೌನ್‌ನಿಂದ ಅದರ ಎರಡರಷ್ಟು, ಹಾಗಾಗಿ ಆ ವಾರಗಳಲ್ಲಿ ಹೋಗಲೇ ಇಲ್ಲ. ಹೋದ ಬೇಸಿಗೆಯಲ್ಲಿ ನಾವು ಮೊಮ್ಮಗಳನ್ನು ನೋಡಿದ್ದು ಹತ್ತು ವಾರಾಂತ್ಯ. ಅದರ ಹಿಂದಿನ ಬೇಸಿಗೆಯಲ್ಲಿ ಮೂವತ್ತೈದು ನಿಮಿಷದ ದೂರದಲ್ಲಿದ್ದಾಗ ಶಾಲೆಯಿದ್ದ ದಿನವೆಲ್ಲ ಬಸ್ಸಿನಿಂದ ಅವಳನ್ನು ಇಳಿಸಿಕೊಂಡವಳು ನಾನು. ನಮ್ಮ ಟ್ರೇಲರಿನ ಊಟದ ಮೇಜಿನ ಮೇಲೆ ದಿನಕ್ಕೆ ಎರಡೆರಡು ಅಕ್ಷರ ತಿದ್ದಿದಳು. ಏಪ್ರಿಲಿನಲ್ಲಿ ಅ ಆ ಇ ಈ ಶುರು ಮಾಡಿದವಳು ಜುಲೈ ಹೊತ್ತಿಗೆ ವರ್ಣಮಾಲೆ ಮುಗಿಸಿ ಕಾಗುಣಿತಕ್ಕೆ ಬಂದಿದ್ದಳು. ಹೋದ ಬೇಸಿಗೆ ಒತ್ತಕ್ಷರ ಕಲಿಸಬೇಕೆಂದಿದ್ದೆ. ಒಂದು ಶನಿವಾರ ಕಲಿತದ್ದು ಮುಂದಿನ ಶನಿವಾರಕ್ಕೆ ಮರೆತಿರುತ್ತಿತ್ತು. ಮೂರು ವಾರ ಬಿಟ್ಟು ಹೋದರೆ ಕಾಗುಣಿತದಿಂದಲೇ ಮತ್ತೆ ಶುರು. ಕೊನೆಯ ಭಾನುವಾರ ನಾವು ಹೊರಟು ನಿಂತಾಗ ಧೂಳು ಹಿಡಿದ ಟ್ರಕ್ಕಿನ ಹಿಂಗಾಜಿನ ಮೇಲೆ ಬೆರಳಿನಿಂದ ಏನೋ ಬರೆದಳು. ಮುಂದಿನ ಪೆಟ್ರೋಲ್ ಬಂಕಿನಲ್ಲಿ ಇಳಿದು ನೋಡಿದೆ. "ಅಜಿ" ಎಂದಿತ್ತು. ಜ ಕೆಳಗೆ ಒತ್ತು ಇರಲಿಲ್ಲ. ಆ ಗಾಜನ್ನು ಒರೆಸಲು ನನಗೆ ಮನಸ್ಸಾಗಲಿಲ್ಲ, ಟೆನೆಸ್ಸಿಯ ಮಳೆ ಒರೆಸಿತು.

ನನ್ನ ಅಭಿಪ್ರಾಯ ಹೀಗೆ ಹುಟ್ಟಿದ್ದು. ರಾತ್ರಿಗೆ ಎಷ್ಟು ಬಿತ್ತು ಎಂದು ಕೇಳಿಕೊಂಡರೆ ಸದಸ್ಯತ್ವ ಯಾವಾಗಲೂ ಗೆಲ್ಲುತ್ತದೆ. ಆ ಹಣ ವಸೂಲಿ ಮಾಡಬೇಕೆಂಬ ಹಟಕ್ಕೆ ನಾವು ನಮ್ಮ ದಾರಿಯನ್ನೇ ಅದರ ಚುಕ್ಕೆಗಳ ಕಡೆಗೆ ತಿರುಗಿಸುತ್ತೇವೆ. ಮೊದಲು ನಿಮ್ಮ ನಕ್ಷೆ ಬರೆಯಿರಿ: ಯಾರ ಹತ್ತಿರ ಇರಬೇಕು, ಯಾವ ತಿಂಗಳಲ್ಲಿ, ಎಷ್ಟು ದಿನ. ಯಾವುದಾದರೂ ಸದಸ್ಯತ್ವದ ಚುಕ್ಕೆ ಆ ನಕ್ಷೆಯ ಮೇಲೆ ತಾನಾಗಿ ಬಿದ್ದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ನನ್ನ ಗೆಳತಿಯ ಒಬ್ಬ ಮಗ ಸಿಯಾಟಲ್‌ನಲ್ಲಿದ್ದಾನೆ, ವಾಷಿಂಗ್ಟನ್ ರಾಜ್ಯದಲ್ಲಿ ಅಂಥ ತಾಣಗಳು ಹಲವಿವೆ, ಅವಳಿಗೆ ಆ ವಲಯದ ಪಾಸ್ ಸರಿಹೋಗಬಹುದು. ಆದರೂ ಒಂದು ವರ್ಷ ಏನನ್ನೂ ಕೊಳ್ಳದೆ, ಪ್ರತಿ ರಾತ್ರಿಯ ಸಾಲನ್ನು ಬರೆದುಕೊ ಎಂದಿದ್ದೇನೆ. ಆ ಒಂದು ವರ್ಷ ಹೆಚ್ಚು ಕೊಟ್ಟ ಬಾಡಿಗೆ ನಷ್ಟವೆಂದು ನನಗನ್ನಿಸುವುದಿಲ್ಲ. ನಡುವಯಸ್ಸಿನವರಾಗಿ ರಸ್ತೆಯಿಂದಲೇ ಕೆಲಸ ಮಾಡುವವರಿಗೆ, ಯಾರ ಮನೆ ಬಾಗಿಲಿಗೂ ಹೋಗಬೇಕಿಲ್ಲದವರಿಗೆ ನನ್ನ ಮಾತು ಹೊಂದುವುದಿಲ್ಲ; ಅವರು ದೊಡ್ಡ ಸದಸ್ಯತ್ವದಲ್ಲೇ ಸುಖವಾಗಿರುವುದನ್ನು ಕಂಡಿದ್ದೇನೆ.

ನಾವು ಈ ವರ್ಷ ನವೀಕರಿಸುತ್ತಿಲ್ಲ. ಇವರಿಗೆ ಇನ್ನೂ ಆ 2,700 ಡಾಲರಿನ ಹೊಟ್ಟೆಯುರಿ ಇದೆ, ಅದೂ ಸಣ್ಣ ಮೊತ್ತವಲ್ಲ, ಅವರ ಮಾತಿನಲ್ಲಿ ತಪ್ಪಿಲ್ಲ. ಟೆಕ್ಸಾಸಿನಲ್ಲಿ ಒಂದು ತಿಂಗಳು ಕಡಿಮೆ ಮಾಡಿ ಮರುಭೂಮಿಯಲ್ಲಿ ಒಂದು ತಿಂಗಳು ಹೆಚ್ಚಿದ್ದು ಅರ್ಧದಷ್ಟನ್ನು ಸರಿದೂಗಿಸಿದ್ದೇವೆ. ನಿನ್ನೆ ನ್ಯೂಜೆರ್ಸಿಯ ಹಳೆಯ ಕ್ಯಾಂಪ್‌ಗ್ರೌಂಡಿಗೆ ಫೋನ್ ಮಾಡಿ ಏಪ್ರಿಲ್ 15ರಿಂದ ಮೂರು ತಿಂಗಳಿಗೆ ಮುಂಗಡ ಕೊಟ್ಟೆವು. ಹೋದ ಸಲದ್ದೇ ಜಾಗ, ಓಕ್ ಮರದ ಕೆಳಗಿನದು, 50 ಆಂಪಿಯರ್ ಕಂಬ. ಮಗಳಿಗೆ ಹೇಳಿದಾಗ ಅವಳು ಮೊದಲು ಮಾಡಿದ ಕೆಲಸ ಶಾಲೆಗೆ ಬರೆದು, ಬಸ್ಸಿನಿಂದ ಮಗುವನ್ನು ಕರೆದುಕೊಂಡು ಹೋಗಬಹುದಾದವರ ಪಟ್ಟಿಗೆ ನನ್ನ ಹೆಸರನ್ನು ಮತ್ತೆ ಸೇರಿಸಿದ್ದು. ಬಸ್ಸು ಈಗಲೂ ಮೂರು ಇಪ್ಪತ್ತಕ್ಕೇ ಬರುತ್ತದಂತೆ.