ಸತ್ಯಾಂಶ: ರೈಲಿನಷ್ಟು ಜನರನ್ನು ಬಸ್ ಸಾಗಿಸದೇ?

‘ಬಸ್ಸಿಗೆ ಪ್ರತ್ಯೇಕ ಪಥ ಅಂದರೆ ದುಡ್ಡು ದಂಡ, ರೈಲಿನಷ್ಟು ಜನರನ್ನು ಬಸ್ ಎಂದೂ ಸಾಗಿಸದು’ ಎಂಬ ಸಂದೇಶ ತುಮಕೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಕೊಲಂಬಿಯಾದ ಬೊಗೊಟಾದಲ್ಲಿ 2000ರಲ್ಲಿ ಶುರುವಾದ ಟ್ರಾನ್ಸ್‌ಮಿಲೆನಿಯೊ ಬಸ್ ಪಥ, ದಟ್ಟಣೆಯ ಹೊತ್ತಲ್ಲಿ ಗಂಟೆಗೆ ಒಂದೇ ದಿಕ್ಕಿನಲ್ಲಿ 40,000ಕ್ಕೂ ಹೆಚ್ಚು ಜನರನ್ನು ಒಯ್ದಿದೆ. ಎಷ್ಟೋ ಮೆಟ್ರೊ ಮಾರ್ಗಗಳಲ್ಲೂ ಅಷ್ಟು ಜನರಿಲ್ಲ. ಗುಟ್ಟಿರುವುದು ನಿಲ್ದಾಣದಲ್ಲಿ: ಹತ್ತುವ ಮೊದಲೇ ಟಿಕೆಟ್, ನಿಂತ ಬಸ್ಸನ್ನು ದಾಟಿ ಹೋಗಲು ಇನ್ನೊಂದು ಪಥ. ನಮ್ಮ ಬಿ.ಎಚ್. ರಸ್ತೆಯಲ್ಲಿ ಅಷ್ಟು ಜಾಗ ಬಿಡಿಸುವುದು ಕಷ್ಟ, ಒಪ್ಪುತ್ತೇನೆ.

ಆಸ್ಟ್ರೇಲಿಯಾದ ಆಗ್ನೇಯ ಕ್ವೀನ್ಸ್‌ಲ್ಯಾಂಡ್ ಕರಾವಳಿಯಲ್ಲಿ ಎರಡೂ ಇವೆ: ಬ್ರಿಸ್ಬೇನ್ ನಗರಕ್ಕೆ ಬಸ್ ಪಥ, ದೂರದ ಗೋಲ್ಡ್ ಕೋಸ್ಟ್‌ಗೆ ರೈಲು. ನಮ್ಮಲ್ಲೂ 70 ಕಿ.ಮೀ. ದೂರದ ಬೆಂಗಳೂರಿಗೆ ನಿತ್ಯ ಹೋಗಿಬರುವವರಿಗೆ ರೈಲೇ ಸರಿ. ಸ್ಟೇಷನ್‌ನಿಂದ ಮನೆ ಮುಟ್ಟಿಸಲು ಬಸ್ಸೇ ಬೇಕು.