ಗಮನಿಸಲಾಗಿದೆ

ಸರ್ಕಾರಿ ಕಚೇರಿಗೆ ಅರ್ಜಿ ಕೊಟ್ಟು ಅಲೆದವರಿಗೆಲ್ಲ, ಕಡತದ ಅಂಚಿನಲ್ಲಿ ಹಸಿರು ಶಾಯಿಯಿಂದ ಬರೆಯುವ ‘ಗಮನಿಸಲಾಗಿದೆ’ ಎಂಬ ಷರಾದ ಮಹಿಮೆ ಗೊತ್ತಿರುತ್ತದೆ. ಆಗುವುದಿಲ್ಲ ಎಂದರೆ ಮೇಲ್ಮನವಿ ಹಾಕಬಹುದು, ಆಗುತ್ತದೆ ಎಂದರೆ ಯಾವಾಗ ಎಂದು ಕೇಳಬಹುದು. ಗಮನಿಸಲಾಗಿದೆ ಎಂದವರನ್ನು ಮಾತ್ರ ಏನೂ ಮಾಡುವಂತಿಲ್ಲ. ಈ ಷರಾ ನಮ್ಮ ತಾಲ್ಲೂಕು ಕಚೇರಿಗಳ ಸ್ವಂತ ಸೊತ್ತೆಂದು ನಾನು ಬಹುಕಾಲ ಹೆಮ್ಮೆಪಟ್ಟುಕೊಂಡಿದ್ದೆ. ಜಿನೀವಾದಲ್ಲಿ ಅದೇ ಷರಾ ವಿಶ್ವಸಂಸ್ಥೆಯ ಅಧಿಕೃತ ಪರಿಭಾಷೆಯಾಗಿ ಸಲ್ಲುತ್ತದೆಂದು ತಿಳಿದಾಗ ಆ ಹೆಮ್ಮೆ ಇಮ್ಮಡಿಯಾಯಿತು.

ಅಲ್ಲಿನ ಮಾನವ ಹಕ್ಕುಗಳ ಮಂಡಳಿಯು ನಾಲ್ಕೈದು ವರ್ಷಕ್ಕೊಮ್ಮೆ ಪ್ರತಿಯೊಂದು ರಾಷ್ಟ್ರವನ್ನೂ ಮೂರೂವರೆ ಗಂಟೆ ಎದುರಿಗೆ ಕೂರಿಸಿಕೊಂಡು, ನಿಮ್ಮಲ್ಲಿ ಹೆಂಗಸರು, ಮಕ್ಕಳು, ಬಡವರು ಹೇಗಿದ್ದಾರೆ ಎಂದು ವಿಚಾರಿಸುತ್ತದೆ. 2022ರ ನವೆಂಬರ್ 10ರಂದು ಭಾರತದ ಸರದಿ ಬಂದಾಗ 130 ದೇಶಗಳು ಮಾತನಾಡಿದ್ದರಿಂದ ಒಂದೊಂದಕ್ಕೂ ಸಿಕ್ಕಿದ್ದು ಹೆಚ್ಚುಕಡಿಮೆ ಒಂದು ನಿಮಿಷ. ಸ್ವಾಗತ, ವಂದನೆ, ಅಭಿನಂದನೆಗಳನ್ನು ಕಳೆದರೆ ಉಳಿಯುವುದೆಷ್ಟೆಂದು ನಮ್ಮ ಯಾವುದೇ ಸನ್ಮಾನ ಸಮಾರಂಭದ ಸಭಿಕರು ಲೆಕ್ಕ ಹಾಕಿ ಹೇಳಬಲ್ಲರು. ಅಷ್ಟರಲ್ಲೇ 339 ಶಿಫಾರಸುಗಳು ಬಂದವು. ಭಾರತ 221ನ್ನು ಒಪ್ಪಿಕೊಂಡಿತು. ಉಳಿದ 118ನ್ನು ತಿರಸ್ಕರಿಸಿತೇ ಎಂದು ಕೇಳುವವರಿಗೆ ಶಿಷ್ಟಾಚಾರ ಗೊತ್ತಿಲ್ಲ. ಆ ನಮೂನೆಯಲ್ಲಿ ತಿರಸ್ಕಾರವೆಂಬ ಕಲಮೇ ಇಲ್ಲ. ಅವನ್ನು ಗಮನಿಸಲಾಗಿದೆ.

ಮಹಿಳೆಯರಿಗಾಗಿಯೇ ಇರುವ ಇನ್ನೊಂದು ಪರೀಕ್ಷೆ ಇದಕ್ಕಿಂತ ಹಳೆಯದು. ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯವನ್ನು ತೊಡೆಯುವ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 1993ರ ಜುಲೈ 9ರಂದು ಅನುಮೋದಿಸಿತು. ಅದರಂತೆ ನಾಲ್ಕು ವರ್ಷಕ್ಕೊಮ್ಮೆ 23 ತಜ್ಞರ ಸಮಿತಿಗೆ ವರದಿ ಒಪ್ಪಿಸಬೇಕು. ಅನುಮೋದಿಸಿದ ಮರುವರ್ಷವೇ ಬರಬೇಕಿದ್ದ ಮೊದಲ ವರದಿಯ ಮೇಲೆ ಚರ್ಚೆ ನಡೆದದ್ದು 2000ದ ಜನವರಿಯಲ್ಲಿ. 2014ರಲ್ಲಿ ವರದಿ ನೋಡಿದ ಸಮಿತಿ, ಮುಂದಿನದನ್ನು 2018ರ ಜುಲೈಗೆ ಕೊಡಿ ಎಂದಿತ್ತು. ಆ ಜುಲೈ ಬಂತು, ಹೋಯಿತು. ಆದಾಯ ತೆರಿಗೆಯ ವಿವರ ಸಲ್ಲಿಸಲು ತಡಮಾಡುವ ಪ್ರಜೆಗೆ 5000 ರೂಪಾಯಿಯವರೆಗೆ ದಂಡ ವಿಧಿಸುವ ಸರ್ಕಾರಕ್ಕೆ, ಜಿನೀವಾದ ವಿಳಂಬ ಶುಲ್ಕ ಸೊನ್ನೆ.

ನಿಜವಾದ ಕುಶಲ ಕೆಲಸವಿರುವುದು ಅನುಮೋದನೆಗೆ ಅಂಟಿಸಿದ ಘೋಷಣೆಗಳಲ್ಲಿ, ಅಂದರೆ ‘ಒಪ್ಪುತ್ತೇವೆ, ಆದರೆ’ ಎಂಬ ಷರತ್ತಿನ ಟಿಪ್ಪಣಿಗಳಲ್ಲಿ. ಮದುವೆಯ ನೋಂದಣಿ ಕಡ್ಡಾಯವಾಗಬೇಕೆಂಬ ತತ್ತ್ವವನ್ನು ಭಾರತ ಪೂರ್ತಿಯಾಗಿ ಬೆಂಬಲಿಸುತ್ತದೆ. ಆದರೆ ಇಷ್ಟು ವಿಶಾಲವಾದ, ಇಷ್ಟೊಂದು ಪದ್ಧತಿ, ಧರ್ಮ, ಸಾಕ್ಷರತೆಯ ಮಟ್ಟಗಳುಳ್ಳ ದೇಶದಲ್ಲಿ ಅದು ಕಾರ್ಯಸಾಧ್ಯವಲ್ಲ ಎಂಬುದು ಒಂದು ಘೋಷಣೆ. ಈ ಅಸಾಧ್ಯ ಕಾರ್ಯಕ್ಕೆಂದು ಕರ್ನಾಟಕ 1976ರ ಇಸವಿ ಹೊತ್ತ ಕಾನೂನನ್ನೇ ಮಾಡಿಕೊಂಡು ಕೂತಿತ್ತು. ದೆಹಲಿಗೆ ಸುದ್ದಿ ತಲುಪಿರಲಿಲ್ಲವೋ ಏನೋ. ಮುಂದೆ ಅದೇ ವಿಶಾಲ ದೇಶದಲ್ಲಿ ನೂರು ಕೋಟಿಗೂ ಹೆಚ್ಚು ಜನರ ಬೆರಳಚ್ಚು, ಕಣ್ಣಪಾಪೆಗಳ ನೋಂದಣಿ ಸಲೀಸಾಗಿ ನಡೆಯಿತು. ಮದುವೆಯ ದಾಖಲೆಯೊಂದೇ ಭಾರವಾಗಿ ಕಂಡಿತು.

ಇನ್ನೊಂದು ಘೋಷಣೆಯನ್ನು ಓದುವಾಗ ಎದ್ದು ನಿಲ್ಲಬೇಕೆನಿಸುತ್ತದೆ. ಯಾವುದೇ ಸಮುದಾಯದ ಖಾಸಗಿ ವಿಚಾರಗಳಲ್ಲಿ, ಆ ಸಮುದಾಯವೇ ಮುಂದೆ ಬಂದು ಸಮ್ಮತಿಸದ ಹೊರತು, ಸರ್ಕಾರ ಕೈಹಾಕುವುದಿಲ್ಲವಂತೆ. ಸಮ್ಮತಿಯ ಬಗ್ಗೆ ಇಷ್ಟು ಸೂಕ್ಷ್ಮ ಮನಸ್ಸಿನ ಸರ್ಕಾರ ಲೋಕದಲ್ಲಿ ವಿರಳ. ಈ ಸೂಕ್ಷ್ಮತೆ ಮಲಗುವ ಕೋಣೆಯ ಹೊಸ್ತಿಲ ತನಕ ಬಂದು ಅಲ್ಲೇ ನಿಂತುಬಿಡುತ್ತದೆ. ಹೆಂಡತಿಯ ಮೇಲೆ ಗಂಡ ಬಲವಂತ ಮಾಡಿದರೆ ಅದು ಅತ್ಯಾಚಾರವಲ್ಲ ಎಂಬ ವಿನಾಯಿತಿಯನ್ನು ತೆಗೆಯಿರಿ ಎಂದು 2013ರಲ್ಲಿ ಸರ್ಕಾರವೇ ನೇಮಿಸಿದ್ದ ನ್ಯಾಯಮೂರ್ತಿ ವರ್ಮಾ ಸಮಿತಿ ಹೇಳಿತು, 2014ರಲ್ಲಿ ಜಿನೀವಾದ ತಜ್ಞರು ಹೇಳಿದರು, ಮಾನವ ಹಕ್ಕುಗಳ ಮಂಡಳಿಯ 2017ರ ಪರಿಶೀಲನೆಯಲ್ಲಿ ಹಲವು ದೇಶಗಳು ಹೇಳಿದವು. ಗಮನಿಸಲಾಯಿತು. ಬಡತನ, ಅನಕ್ಷರತೆ, ಮದುವೆಯನ್ನು ಸಂಸ್ಕಾರವೆಂದು ಕಾಣುವ ಸಮಾಜದ ಮನೋಭಾವ ಇವೆಲ್ಲ ಇರುವುದರಿಂದ ಆ ಪರಿಕಲ್ಪನೆ ಇಲ್ಲಿಗೆ ಒಗ್ಗದೆಂದು 2015ರಲ್ಲಿ ರಾಜ್ಯಸಭೆಗೆ ಲಿಖಿತ ಉತ್ತರವೂ ಸಿಕ್ಕಿತು. 2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್, ಗಂಡಸು ಗಂಡಸೇ, ಕೃತ್ಯ ಕೃತ್ಯವೇ, ಗಂಡನೇ ಮಾಡಿದರೂ ಅತ್ಯಾಚಾರ ಅತ್ಯಾಚಾರವೇ ಎಂದು ಯಾರಿಗೂ ತಿಳಿಯುವ ಭಾಷೆಯಲ್ಲಿ ಬರೆಯಿತು. ಬ್ರಿಟಿಷರ ಕಾಲದ ದಂಡ ಸಂಹಿತೆಯನ್ನು ವಸಾಹತುಶಾಹಿಯ ಪಳೆಯುಳಿಕೆಯೆಂದು ಎತ್ತಿ ಎಸೆದು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯನ್ನು ಜಾರಿಗೆ ತಂದಾಗ, ಬ್ರಿಟಿಷರ ಈ ವಿನಾಯಿತಿಯನ್ನು ಮಾತ್ರ ಜೋಪಾನವಾಗಿ ಎತ್ತಿ ಹೊಸ ಮನೆಗೆ ತಂದಿಡಲಾಯಿತು. ಬ್ರಿಟಿಷರು ತಮ್ಮೂರಿನಲ್ಲಿ ಅದನ್ನು 1991ರಲ್ಲೇ ಕೈಬಿಟ್ಟಿದ್ದರು. ಗಂಡನ ಆ ಕೃತ್ಯವನ್ನು ಅತ್ಯಾಚಾರವೆಂದು ಕರೆಯುವುದು ಅತಿ ಕಠೋರವಾದೀತೆಂದು 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ ಸಲ್ಲಿಸಿತು.

ಹೀಗಾಗಿ ಸದ್ಯದ ಸ್ಥಿತಿಯೇನೆಂದರೆ, ಸಮುದಾಯದ ಸಮ್ಮತಿಯಿಲ್ಲದೆ ಅದರ ಪದ್ಧತಿಯನ್ನು ಮುಟ್ಟುವಂತಿಲ್ಲ, ಸಮ್ಮತಿಯಿಲ್ಲದೆ ಹೆಂಡತಿಯನ್ನು ಮುಟ್ಟಬಹುದು. ಸಮುದಾಯದ ಪರವಾಗಿ ಸಮ್ಮತಿಯ ಸಹಿ ಹಾಕಬೇಕಾದವರು ಯಾರು, ಅದರಲ್ಲಿ ಅರ್ಧದಷ್ಟಿರುವ ಹೆಂಗಸರ ಸಹಿ ಸಿಂಧುವೇ ಎಂದು ಕೇಳಿ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಮೇತ ಮಾಹಿತಿ ಹಕ್ಕಿನ ಅರ್ಜಿಯೊಂದನ್ನು ಬರೆದಿಟ್ಟಿದ್ದೇನೆ. ಹಸಿರು ಶಾಯಿಗೆಂದು ಎಡಗಡೆ ಎರಡು ಬೆರಳಿನಷ್ಟು ಅಂಚನ್ನೂ ಬಿಟ್ಟಿದ್ದೇನೆ.