ನಕ್ಷೆ ಆಮೇಲೆ, ಮೊದಲು ದಾರಿ ಅಳೆಯಿರಿ

ದೇಶವನ್ನು ಪ್ರಾಂತ್ಯ, ಜಿಲ್ಲೆ, ಊರು ಅಂತ ಹಂಚುವ ಮಾತು ಬಂದಾಗಲೆಲ್ಲ ಎಲ್ಲರೂ ನಕ್ಷೆ ಹರಡಿಕೊಂಡು ಕೂರುತ್ತಾರೆ. ವಿಸ್ತೀರ್ಣ ಎಷ್ಟು, ಜನ ಎಷ್ಟು, ಯಾವ ಊರು ಕೇಂದ್ರ. ನನ್ನ ಪ್ರಶ್ನೆ ಬೇರೆ. ಕೊನೆಯ ಹಳ್ಳಿಯ ಅಜ್ಜಿಯೊಬ್ಬಳು ಬೆಳಿಗ್ಗೆ ಹೊರಟರೆ, ಕಚೇರಿ ಕೆಲಸ ಮುಗಿಸಿ ಕತ್ತಲಾಗುವ ಮೊದಲು ಮನೆ ಸೇರುತ್ತಾಳಾ?

ಇದು ಹಳೆಯ ಪ್ರಶ್ನೆಯೇ. ಕ್ರಾಂತಿಯಾದ ಮೇಲೆ ಫ್ರಾನ್ಸ್‌ನಲ್ಲಿ ಹಳೆಯ ಪ್ರಾಂತ್ಯಗಳನ್ನು ತೆಗೆದುಹಾಕಿ, 1790ರಲ್ಲಿ 83 ‘ಡಿಪಾರ್ಟ್‌ಮೆಂಟ್’, ಅಂದರೆ ನಮ್ಮ ಜಿಲ್ಲೆಗಳಂಥ ಘಟಕ, ಮಾಡಿದರು. ಮೊದಲು ಬಂದ ಯೋಜನೆಯಲ್ಲಿ ಇಡೀ ದೇಶವನ್ನು ಸ್ಕೇಲ್ ಇಟ್ಟ ಹಾಗೆ ಚೌಕ ಚೌಕವಾಗಿ ಕತ್ತರಿಸಿದ್ದರು! ಹೊಳೆ ಎಲ್ಲಿ ಅಡ್ಡ ಬರುತ್ತದೆ, ಜನ ಯಾವ ಸಂತೆಗೆ ಹೋಗುತ್ತಾರೆ, ಯಾವುದೂ ಲೆಕ್ಕಕ್ಕಿಲ್ಲ. ವಿರೋಧ ಬಂತು, ಚೌಕಗಳನ್ನು ಕೈಬಿಟ್ಟರು. ಆದರೆ ಒಂದು ಅಳತೆ ಇಟ್ಟುಕೊಂಡರು: ಯಾವ ಮೂಲೆಯಿಂದ ಹೊರಟರೂ ಕುದುರೆ ಮೇಲೆ ಒಂದು ದಿನದೊಳಗೆ ಕೇಂದ್ರ ತಲುಪಬೇಕು. ಹೆಸರುಗಳನ್ನೂ ಹೆಚ್ಚಾಗಿ ನದಿ, ಬೆಟ್ಟಗಳಿಂದಲೇ ತೆಗೆದುಕೊಂಡರು. ಸೊಮ್, ಜುರಾ, ವೋಜ್. ನನಗೆ ಇದು ತುಂಬಾ ಇಷ್ಟ.

ಈಗ ರಸ್ತೆ ಇದೆ, ಫೋನ್ ಇದೆ, ಸಣ್ಣ ಸಣ್ಣ ಘಟಕ ಯಾಕೆ ಅಂತ ಕೇಳುವವರು ಜಾಸ್ತಿ. ಡೆನ್ಮಾರ್ಕ್ 2007ರಲ್ಲಿ 271 ಸ್ಥಳೀಯ ಸಂಸ್ಥೆಗಳನ್ನು 98ಕ್ಕೆ ಇಳಿಸಿತು. ಜಪಾನ್‌ನಲ್ಲಿ 1999ರಲ್ಲಿ 3,200ಕ್ಕೂ ಹೆಚ್ಚಿದ್ದವು, ಹತ್ತೇ ವರ್ಷದಲ್ಲಿ ಸುಮಾರು ಅರ್ಧಕ್ಕೆ ಬಂದವು. ಇದರಲ್ಲೂ ನ್ಯಾಯ ಇದೆ, ಒಪ್ಪುತ್ತೇನೆ. ಒಬ್ಬ ಎಂಜಿನಿಯರ್‌ಗೆ ಸಂಬಳ ಕೊಡುವ ಶಕ್ತಿ ಇಲ್ಲದ ಊರು ತನ್ನ ನೀರಿನ ಪೈಪನ್ನು ತಾನೇ ನೋಡಿಕೊಳ್ಳುವುದು ಕಷ್ಟ.

ಆದರೆ ಊರು ಅಂದ್ರೆ ಬರೀ ಖರ್ಚಿನ ಬಾಬ್ತು ಅಲ್ಲ, ಅಲ್ವಾ? ಇಂಗ್ಲೆಂಡಿನ ಪುಟ್ಟ ಕೌಂಟಿ ರಟ್ಲೆಂಡ್ ಅನ್ನು 1974ರಲ್ಲಿ ಪಕ್ಕದ ಲೆಸ್ಟರ್‌ಶೈರ್‌ಗೆ ಸೇರಿಸಿದರು. ಅಲ್ಲಿನ ಜನ ಸುಮ್ನೆ ಕೂರಲಿಲ್ಲ. 23 ವರ್ಷ ಆದ ಮೇಲೆ, 1997ರಲ್ಲಿ, ತಮ್ಮ ಆಡಳಿತವನ್ನು ಮರಳಿ ಪಡೆದರು.

ಹಾಗಂತ ಹೊಸ ಘಟಕ ಮಾಡಿದರೆ ಎಲ್ಲ ಸರಿಹೋಗುತ್ತದೆ ಅಂತಲೂ ನಾನು ಹೇಳುವುದಿಲ್ಲ. ಬೋರ್ಡು ಹೊಸದು, ಬಾಗಿಲಿಗೆ ಬಣ್ಣ ಹೊಸದು. ಅಜ್ಜಿ ಪ್ಲಾಸ್ಟಿಕ್ ಚೀಲದಿಂದ ಕಾಗದ ತೆಗೆದು ಕೊಡುತ್ತಾಳೆ. ಒಳಗಿದ್ದವರು ತಿರುಗಿಸಿ ನೋಡಿ, ‘ಇದಕ್ಕೆ ಮೇಲಿನ ಆಫೀಸಿನಲ್ಲೇ ಸಹಿ ಆಗಬೇಕು ಅಜ್ಜಿ’ ಅನ್ನುತ್ತಾರೆ. ಹಣವೂ ಅಧಿಕಾರವೂ ಅಲ್ಲೇ ಉಳಿದಿರುತ್ತದೆ. ಅವಳ ದಾರಿ ಒಂದು ಹೆಜ್ಜೆಯೂ ಕಡಿಮೆ ಆಗಿರುವುದಿಲ್ಲ. ಅದಕ್ಕೇ ಕೇಳುತ್ತಿದ್ದೇನೆ: ಹೊಸ ಗೆರೆ ಎಳೆಯುವ ಮುಂಚೆ, ಯಾವ ಕಾಗದಕ್ಕೆ ಎಲ್ಲಿ ಸಹಿ ಆಗುತ್ತದೆ ಅನ್ನುವ ಪಟ್ಟಿಯನ್ನು ಜನರ ಮುಂದೆ ಇಡಿ.